ಕೂಸಿನ ಕೊರಳ ಹವಳ

ಸುಶೀಲಮ್ಮನವರು ಹೊರಡುವುದಕ್ಕೆ ಸಿದ್ಧವಾಗಿ ಕೂತಿದ್ದರು. ಎಲ್ಲಿಗೆ ಅಂತ ಕೇಳಿದವರಿಗೆ ಮಾತಾಡದೆ ಕಣ್ಣನ್ನು ಸೂರಿನ ಕಡೆ ಎತ್ತಿ ತೋರಿಸುತ್ತಿದ್ದರು. ಅಮೆರಿಕದ ಡಾಲಸ್ ಪಕ್ಕದ ಅಲೆನ್ ಊರಿನ ಆ ಮನೆಯ ಸೂರಿನ ಮೇಲೆ ಇದ್ದದ್ದು ಅಳಿಯ ಶಿವಾನಂದನ ಹಳೇ ಸೂಟ್‌ಕೇಸುಗಳು, ಒಂದು ಪ್ಲಾಸ್ಟಿಕ್ಕಿನ ಕ್ರಿಸ್‌ಮಸ್ ಮರ. ಅವರು ತೋರಿಸುತ್ತಿದ್ದದ್ದು ಅದಕ್ಕಿಂತ ಮೇಲೆ.

ಕಾಯಿಲೆ ಕಸಾಲೆ ಏನೂ ಇರಲಿಲ್ಲ. ಹಲ್ಲು ಗಟ್ಟಿ, ಹಸಿವು ಗಟ್ಟಿ, ನೆನಪಂತೂ ಉಕ್ಕು. ಕೆಟ್ಟಿದ್ದದ್ದು ಬಲಗಾಲಿನ ಮಂಡಿ ಒಂದೇ. ಕೂತರೆ ಏಳೋದಕ್ಕಾಗದು, ಎದ್ದರೆ ಕೂರೋದಕ್ಕಾಗದು. ಮಂಡಿ ಬದಲಾಯಿಸಿಬಿಡೋಣ ಅಂತ ಮಗಳು ವೈದೇಹಿ ಗೋಗರೆದು ಗೋಗರೆದು ಸಾಕಾಗಿದ್ದಳು. ಅಮ್ಮನದು ಒಂದೇ ಪಲ್ಲವಿ.

"ದುರ್ಮುಖಿ ನಡೀತಾ ಇದೆ ಕಣೆ. ನಾನು ದುರ್ಮುಖಿ ದಾಟಲ್ಲ. ಸಾಯೋಳಿಗೆ ಹೊಸ ಮಂಡಿ ಯಾಕೆ? ನಾಳೆ ಸುಡೋವಾಗ ಆ ಕಬ್ಬಿಣ ಉರಿಯುತ್ತೋ ಇಲ್ವೋ, ನಿಮಗೇ ತಾಪತ್ರಯ."

ಇದು ಅವರ ಸ್ವಂತ ಲೆಕ್ಕವಲ್ಲ. ಅವರ ಯಜಮಾನರು ಕಿಕ್ಕೇರಿಯಲ್ಲಿ ಜೋಯಿಸರಾಗಿದ್ದವರು. ಸಂವತ್ಸರಗಳು ಅರವತ್ತು; ಒಂದು ಸುತ್ತು ಮುಗಿದರೆ ಅದೇ ಹೆಸರು ಮತ್ತೆ ಬರುತ್ತದೆ. ಹಿಂದಿನ ದುರ್ಮುಖಿಯಲ್ಲಿ, ಮದುವೆಯಾದ ಹೊಸದರಲ್ಲಿ, ಸುಶೀಲಮ್ಮನಿಗೆ ವಿಷಮಶೀತ ಜ್ವರ ಬಂದು ಉಳಿಯೋದೇ ಅನುಮಾನ ಅನ್ನುವ ಹಾಗಾಗಿತ್ತು. ಆಗ ಜೋಯಿಸರು ತಲೆದೆಸೆಯಲ್ಲಿ ಪಂಚಾಂಗ ಬಿಚ್ಚಿಕೊಂಡು ಕೂತು, "ಮುಂದಿನ ದುರ್ಮುಖಿವರೆಗೂ ನಿನ್ನ ಒಂದು ಕೂದಲು ಕೊಂಕಲ್ಲ. ಏಳು, ಎದ್ದು ಕಾಫಿಗಿಡು" ಅಂದಿದ್ದರು.

ಕೆಲವು ದಿನಕ್ಕೆ ಆಕೆ ಎದ್ದರು, ಕಾಫಿಗಿಟ್ಟರು. ಆಮೇಲೆ ಆ ಮಾತನ್ನೇ ಊರುಗೋಲು ಮಾಡಿಕೊಂಡು ಬದುಕಿದರು. ಮಂಡ್ಯದ ಬಸ್ಸು ಕೆರೆ ಏರಿಯ ಮೇಲೆ ಓಲಾಡಿದಾಗ ಉಳಿದವರೆಲ್ಲ ರಾಮಾ ಕೃಷ್ಣಾ ಅಂತ ಕೂಗಿಕೊಂಡರೆ ಇವರು ಎಲೆಗೆ ಸುಣ್ಣ ಸವರುತ್ತಾ ಕೂತಿದ್ದರು. ಅಮೆರಿಕಕ್ಕೆ ಬರುವಾಗ ವಿಮಾನ ನಡುಗಿದಾಗ ಪಕ್ಕದಲ್ಲಿ ಕೂತಿದ್ದ ಬಿಳಿ ಹೆಂಗಸಿನ ಕೈ ತಟ್ಟಿ, "ಹೆದರಬೇಡಮ್ಮ, ನಾನಿದೀನಿ, ಬೀಳಲ್ಲ" ಅಂತ ಕನ್ನಡದಲ್ಲೇ ಧೈರ್ಯ ಹೇಳಿದ್ದರು. ದುರ್ಮುಖಿಗೆ ಇನ್ನೂ ಕಾಲ ಇತ್ತಲ್ಲ!

ಈಗ ಕಾಲ ತಿರುಗಿ ಬಂದಿತ್ತು. ಆ ವರ್ಷದ ಯುಗಾದಿಗೆ ದುರ್ಮುಖಿ ಕಾಲಿಟ್ಟ ದಿನದಿಂದ ಸುಶೀಲಮ್ಮ ಗಂಟು ಕಟ್ಟತೊಡಗಿದ್ದರು. ರೇಷ್ಮೆ ಸೀರೆಗಳನ್ನೆಲ್ಲ ಹಂಚಿದರು. ಟೀವಿ ಧಾರಾವಾಹಿ ಅರ್ಧಕ್ಕೆ ಬಿಟ್ಟರು. "ಆ ಹುಡುಗಿ ನಿಜವಾದ ತಾಯಿ ಯಾರು ಅಂತ ಗೊತ್ತಾಗೋ ಹೊತ್ತಿಗೆ ನಾನಿರಲ್ಲ, ಸುಮ್ನೆ ಯಾಕೆ ಆಸೆ" ಅಂದರು.

ಇದನ್ನೆಲ್ಲ ಮನೆಯವರು ನಕ್ಕು ಮರೆಯುತ್ತಿದ್ದರೇನೋ. ಮೊಮ್ಮಗಳು ತನ್ವಿಗೆ ಮಾತ್ರ ನಗು ಬರಲಿಲ್ಲ. ಆಸ್ಟಿನ್‌ನಲ್ಲಿ ಓದುತ್ತಿದ್ದ ಹುಡುಗಿ ಅವಳು. ಅಪ್ಪ ಇಂಜಿನಿಯರಾದರೂ ಅವಳು ಹಿಡಿದದ್ದು ಹಳೇ ಕಾಲದ ಚಿತ್ರಗಳ ಓದು. ಬರುವ ಮೇ ತಿಂಗಳಲ್ಲಿ ಅವಳ ಪದವಿ ಸಮಾರಂಭ. ನವೆಂಬರ್ ರಜೆಗೆ ಮನೆಗೆ ಬಂದವಳು ಅಜ್ಜಿಯ ಪಕ್ಕ ಕೂತು ಕೇಳಿದಳು.

"ಅಜ್ಜಿ, ನನ್ನ ಗ್ರ್ಯಾಜುಯೇಶನ್‌ಗೆ ನೀವು ಬರ್ಬೇಕು. ಅಲ್ಲಿ ತುಂಬಾ ಸ್ಟೆಪ್ಸ್ ಇದೆ. ಸರ್ಜರಿ ಮಾಡಿಸ್ಕೊಂಡ್ರೆ ಹತ್ತಬಹುದು."

"ಮೇ ತಿಂಗಳಾ? ಯುಗಾದಿ ಮಾರ್ಚಿಗೇ ಬಂತಲ್ಲ ಮಗಾ. ನಾನಿರಲ್ಲ. ಫೋಟೋ ಇಟ್ಕೊಂಡು ಹೋಗು, ಮುಂದಿನ ಸಾಲಲ್ಲೇ ಕೂರಿಸು."

ತನ್ವಿ ಎದ್ದು ಹೋಗಿ ಬಾಗಿಲು ಹಾಕಿಕೊಂಡಳು. ಊಟಕ್ಕೂ ಬರಲಿಲ್ಲ. ಸುಶೀಲಮ್ಮ ಮೆಲ್ಲಗೆ ಕಾಲೆಳೆದುಕೊಂಡು ಹೋಗಿ ಬಾಗಿಲ ಹೊರಗೆ ಒಂದು ತಟ್ಟೆ ಮೊಸರನ್ನ ಇಟ್ಟು ಬಂದರು. ಬೆಳಗ್ಗೆ ತಟ್ಟೆ ಖಾಲಿಯಾಗಿತ್ತು. ಆದರೆ ಹುಡುಗಿ ಮುಖ ಕೊಟ್ಟು ಮಾತಾಡಲಿಲ್ಲ. ಅರವತ್ತು ವರ್ಷದಲ್ಲಿ ಮೊದಲ ಸಲ ಸುಶೀಲಮ್ಮನಿಗೆ ದುರ್ಮುಖಿಯ ಮೇಲೆ ಸ್ವಲ್ಪ ಬೇಸರ ಬಂತು.

ಕ್ರಿಸ್‌ಮಸ್ ರಜೆಗೆ ಎಲ್ಲರೂ ಕಾರಿನಲ್ಲಿ ಹ್ಯೂಸ್ಟನ್ ಕಡೆಗೆ ಹೊರಟರು. ಅಲ್ಲಿ ದ ವುಡ್‌ಲ್ಯಾಂಡ್ಸ್ ಅನ್ನೋ ಬಡಾವಣೆಯಲ್ಲಿ ಶಿವಾನಂದನ ಸ್ನೇಹಿತರು, ಮೂಳೆ ಡಾಕ್ಟರಾಗಿ ನಿವೃತ್ತಿಯಾದ ಮೋಹನರಾಜ ಇದ್ದರು. ಅಮ್ಮನಿಗೆ ಅವರ ಬಾಯಲ್ಲಾದರೂ ಹೇಳಿಸೋಣ ಅಂತ ವೈದೇಹಿಯ ಹುನ್ನಾರ. ಮೋಹನರಾಜ ಮಂಡಿಯನ್ನು ಹಿಂದೆ ಮುಂದೆ ಆಡಿಸಿ, ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿದರು.

"ಅಮ್ಮ, ಮಂಡಿ ಒಂದು ಬಿಟ್ರೆ ನಿಮ್ದೆಲ್ಲ ಹೊಸ ಗಾಡಿ. ನೂರು ವರ್ಷ ಓಡುತ್ತೆ."

"ಓಡ್ಸೋನು ಯಾವಾಗ ಇಳೀತಾನೆ ಅಂತ ಮೊದಲೇ ಹೇಳಿಬಿಟ್ಟಿದಾರಪ್ಪ."

"ಯಾರಮ್ಮ ಹೇಳಿದ್ದು?"

"ನಮ್ಮನೇವ್ರು."

ಮೋಹನರಾಜ ವೈದೇಹಿಯ ಮುಖ ನೋಡಿದರು. "ಸತ್ತು ಎಷ್ಟು ವರ್ಷ ಆಯ್ತು ಅವರು?" ಅಂತ ಮೆತ್ತಗೆ ಕೇಳಿದರು. ಹದಿನೈದು ಅಂದಳು. "ಹಾಗಾದ್ರೆ ನನ್ನ ಕೈಲಾಗಲ್ಲ. ಬದುಕಿರೋ ಗಂಡಂದಿರ ಮಾತನ್ನ ಬೇಕಾದ್ರೆ ತಳ್ಳಿಹಾಕಬಹುದು" ಅಂದು ಚಹಾ ತರಿಸಿದರು.

ಮಾರನೇ ದಿನ ತನ್ವಿಗೆ ಊರೊಳಗಿನ ಒಂದು ಮ್ಯೂಸಿಯಂಗೆ ಹೋಗಬೇಕಿತ್ತು. ಇಟಲಿಯಿಂದ ಐನೂರು ವರ್ಷ ಹಳೇ ದೇವರ ಚಿತ್ರವೊಂದು ಕೆಲವು ತಿಂಗಳ ಮಟ್ಟಿಗೆ ಬಂದಿದೆ, ಅದರ ಮೇಲೇ ತನ್ನ ಕೊನೇ ಪ್ರಬಂಧ ಅಂದಳು. ಅಜ್ಜಿಯ ಮೇಲೆ ಮುನಿಸಿದ್ದರೂ, "ಬರ್ತೀರಾ?" ಅಂತ ನೆಲ ನೋಡುತ್ತಾ ಕೇಳಿದಳು. ಸುಶೀಲಮ್ಮ ಶಾಲು ಹೊದ್ದು ತಯಾರಾದರು. ರಾಜಿಯಾಗೋದಕ್ಕೆ ಚಿತ್ರ ಆದರೇನು, ಸಂತೆ ಆದರೇನು.

ಮ್ಯೂಸಿಯಂನವರು ಒಂದು ಗಾಲಿ ಕುರ್ಚಿ ಕೊಟ್ಟರು. ತನ್ವಿ ತಳ್ಳಿಕೊಂಡು ಹೋಗಿ ಒಂದು ದೊಡ್ಡ ಚಿತ್ರದ ಮುಂದೆ ನಿಲ್ಲಿಸಿದಳು.

ನೀಲಿ ಸೆರಗು ಹೊದ್ದ ತಾಯಿ. ತೊಡೆಯ ಮೇಲೆ ಮೈಮೇಲೆ ಬಟ್ಟೆ ಇಲ್ಲದ ದುಂಡು ಕೂಸು. ಪಕ್ಕದಲ್ಲಿ ಮೂವರು ಗಡ್ಡದವರು ಮಂಡಿಯೂರಿ ಏನೇನೋ ಕಾಣಿಕೆ ಹಿಡಿದಿದ್ದಾರೆ. ಮೇಲೆ ಕಮಾನಿನ ತುಂಬ ಚಿನ್ನದ ಚುಕ್ಕಿಗಳು, ಚುಕ್ಕಿಗಳ ನಡುವೆ ಒಂದು ಬಳೆಯಂಥ ಪಟ್ಟಿ. ಸುಶೀಲಮ್ಮ ಮೊದಲು ಚಪ್ಪಲಿ ಬಿಟ್ಟರು. ಆಮೇಲೆ ಕೈ ಮುಗಿದರು. ಆಮೇಲೆ ಸುತ್ತಲೂ ಕಣ್ಣಾಡಿಸಿ ಗೊಣಗಿದರು.

"ಇದೇನೇ, ದೇವರನ್ನ ಗೋಡೆಗೆ ಒತ್ತಿ ನಿಲ್ಸಿದಾರೆ. ಪ್ರದಕ್ಷಿಣೆ ಹೆಂಗೆ ಬರೋದು?"

"ಅಜ್ಜಿ, ಇದು ಮ್ಯೂಸಿಯಂ. ಪ್ರದಕ್ಷಿಣೆ ಇಲ್ಲ."

"ನಿಮಗಿಲ್ಲ." ಸುಶೀಲಮ್ಮ ಗಾಲಿಗಳನ್ನು ಎರಡೂ ಕೈಯಲ್ಲಿ ಹಿಡಿದು ಕೂತಲ್ಲೇ ಕುರ್ಚಿಯನ್ನು ಒಂದು ಸುತ್ತು ತಿರುಗಿಸಿ ಆತ್ಮಪ್ರದಕ್ಷಿಣೆ ಮುಗಿಸಿದರು. ಕಾವಲಿನವನು ಓಡಿ ಬಂದು ಬ್ರೇಕ್ ಕೆಟ್ಟಿದೆಯಾ ಅಂತ ಕೇಳಿದ. "ಇಲ್ಲ, ಶೀ ಈಸ್ ಪ್ರೇಯಿಂಗ್" ಅಂದಳು ತನ್ವಿ, ಕೆನ್ನೆ ಕೆಂಪಾಗಿ. ಆ ಕರಿಯ ಆಜಾನುಬಾಹು ಟೋಪಿ ತೆಗೆದು ಎದೆಗೆ ಒತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದು ನಿಂತ.

ಸುಶೀಲಮ್ಮ ಕಮಾನಿನ ಪಟ್ಟಿಯನ್ನೇ ದಿಟ್ಟಿಸುತ್ತಿದ್ದರು. ಒಂದು ಟಗರು. ಒಂದು ಗೂಳಿ. ಏಡಿ. ತಕ್ಕಡಿ. ಚೇಳು.

"ಅಯ್ಯೋ ಇವಳ, ಇದು ರಾಶಿಚಕ್ರ ಅಲ್ವೇನೆ! ಇವರ ಗುಡೀಲಿ ಇದಕ್ಕೇನು ಕೆಲಸ?"

ತನ್ವಿಯ ಮುನಿಸು ಅಲ್ಲೇ ಅರ್ಧ ಕರಗಿತು. ತನ್ನ ಓದಿನ ಬಗ್ಗೆ ಮನೆಯಲ್ಲಿ ಯಾರೂ ಒಂದು ಪ್ರಶ್ನೆ ಕೇಳಿದವರಲ್ಲ. ಅವಳು ಕುರ್ಚಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಕನ್ನಡ ಸಾಲದ ಕಡೆ ಇಂಗ್ಲಿಷ್ ತುಂಬಿಕೊಂಡು ಹೇಳತೊಡಗಿದಳು. ಆ ಕಾಲಕ್ಕೆ ಇಟಲಿಯಲ್ಲಿ ಎಲ್ಲರೂ ಜಾತಕ ನೋಡಿಸುತ್ತಿದ್ದರು. ಪೋಪ್‌ನಂಥ ಪೋಪ್‌ಗಳೇ ಜೋಯಿಸರನ್ನು ಇಟ್ಟುಕೊಂಡಿದ್ದರು. ಚರ್ಚಿನ ಸೂರಿಗೂ ರಾಶಿಗಳನ್ನು ಬರೆಸಿದವರಿದ್ದರು.

"ಮತ್ತೆ ಈ ಮೂವರು ಯಾರು?"

"ದೇ ಆರ್ ಆಸ್ಟ್ರಾಲಜರ್ಸ್ ಅಜ್ಜಿ. ನಕ್ಷತ್ರ ನೋಡಿ, ದೊಡ್ಡೋರು ಯಾರೋ ಹುಟ್ಟಿದಾರೆ ಅಂತ ಗೊತ್ತಾಗಿ, ದೂರದಿಂದ ಗಿಫ್ಟ್ ತಂದ್ರು."

"ಜೋಯಿಸರಾ?" ಸುಶೀಲಮ್ಮನ ಬೊಚ್ಚು ನಗೆ ಅಲ್ಲದ ಗಟ್ಟಿ ಹಲ್ಲಿನ ನಗೆ ಸಭಾಂಗಣದಲ್ಲೆಲ್ಲ ಕೇಳಿಸಿತು. "ದಕ್ಷಿಣೆ ತಗೊಂಡು ಹೋಗೋ ಜೋಯಿಸರ ಜೊತೆ ಸಂಸಾರ ಮಾಡಿದೀನಿ ಕಣೆ. ತಂದು ಕೊಡೋ ಜೋಯಿಸರನ್ನ ಇವತ್ತೇ ಕಂಡಿದ್ದು!"

ಕಾವಲಿನವನಿಗೆ ಮಾತು ಅರ್ಥವಾಗದಿದ್ದರೂ ಅವನೂ ನಕ್ಕ.

"ಸರಿ, ಕೂಸಿನ ಜಾತಕ ಏನಂತ ಬರೆದರು?"

"ಅದೇ ಪ್ರಾಬ್ಲಂ ಅಜ್ಜಿ. ಕೆಲವರು ಬರೆದರು. ಬರೆದು ಸಿಕ್ಕಿಬಿದ್ದೋರೂ ಇದಾರೆ. ಯಾಕಂದ್ರೆ ಜೀಸಸ್‌ದು ಹಣೆಬರಹ ನಕ್ಷತ್ರದಲ್ಲಿ ಇದೆ ಅಂದ್ರೆ, ದೇವರಿಗಿಂತ ನಕ್ಷತ್ರ ದೊಡ್ಡದು ಅಂದ ಹಾಗಾಯ್ತು. ಅವನು ತಾನೇ ಒಪ್ಪಿ ಸತ್ತ ಅಂತ ಚರ್ಚ್ ಹೇಳೋದು. ನಕ್ಷತ್ರ ಸಾಯಿಸ್ತು ಅಂದ್ರೆ ಒಪ್ಪಿದ್ದು ಎಲ್ಲಿ ಬಂತು? ಅದಕ್ಕೆ ದೊಡ್ಡ ದೊಡ್ಡ ಪಂಡಿತರು ಜಗಳ ಆಡಿದರು."

"ಏನು ತೀರ್ಮಾನ ಆಯ್ತು?"

"ನಕ್ಷತ್ರ ಮೈಯನ್ನ ಸ್ವಲ್ಪ ತಳ್ಳಬಹುದು, ಮನಸ್ಸನ್ನ ಕಟ್ಟಿಹಾಕೋಕೆ ಆಗಲ್ಲ ಅಂತ. ಕೂಸು ನಕ್ಷತ್ರಕ್ಕೋಸ್ಕರ ಹುಟ್ಟಲಿಲ್ಲ, ನಕ್ಷತ್ರ ಕೂಸಿಗೋಸ್ಕರ ಹುಟ್ಟಿತು ಅಂತ."

"ಅಂದ್ರೆ ನಕ್ಷತ್ರ ದೀವಟಿಗೆ ಹಿಡಿಯೋ ಆಳು. ಯಜಮಾನ ಅಲ್ಲ."

"ಎಕ್ಸಾಕ್ಟ್ಲಿ!"

"ಆಳು ಅಂದ್ರೂ ಆಳಿನ ಕಾಟ ಇದ್ದೇ ಇರುತ್ತೆ ಬಿಡು" ಅಂದ ಸುಶೀಲಮ್ಮ ಕುರ್ಚಿಯನ್ನು ಇನ್ನಷ್ಟು ಹತ್ತಿರ ತಳ್ಳಿಸಿದರು. ಕೂಸಿನ ಕೊರಳಲ್ಲಿ ಏನೋ ಕೆಂಪಗೆ ಕಾಣಿಸಿತ್ತು. ಕನ್ನಡಕ ಸರಿಮಾಡಿಕೊಂಡು ನೋಡಿದರು. ಹವಳದ ಸರ. ಕೆಂಪು ಮಣಿಗಳು, ನಡುವೆ ಕೊಂಬೆ ಹವಳದ ಒಂದು ತುಂಡು.

"ನೋಡ್ದಾ? ಕೂಸಿಗೆ ಕುಜ ದೋಷ."

"ಅಜ್ಜೀ!"

"ಮತ್ತೆ ಹವಳ ಯಾಕೆ ಕಟ್ತಾರೆ? ಕುಜನಿಗೆ ಹವಳ. ನಿಮ್ಮ ತಾತ ಎಷ್ಟು ಜನಕ್ಕೆ ಕಟ್ಟಿಸಿಲ್ಲ! ಆ ಚರ್ಚಿನೋರು ಜಾತಕ ಬಚ್ಚಿಟ್ಟರೂ ಚಿತ್ರ ಬರೆದೋನು ಬಾಯಿಬಿಟ್ಟಿದಾನೆ."

ತನ್ವಿಗೆ ನಗು ತಡೆಯಲಾಗಲಿಲ್ಲ. "ಅಲ್ಲ ಅಜ್ಜಿ, ಅಲ್ಲಿ ಚಿಕ್ಕ ಮಕ್ಕಳಿಗೆಲ್ಲ ದೃಷ್ಟಿ ಆಗದೇ ಇರ್ಲಿ ಅಂತ ಕಟ್ತಿದ್ರು. ಇಲ್ಲಿ ಇನ್ನೊಂದು ಅರ್ಥಾನೂ ಇದೆ. ಕೆಂಪು ಅಂದ್ರೆ ರಕ್ತ. ಮುಂದೆ ಇವನನ್ನ ಸಾಯಿಸ್ತಾರೆ ಅಂತ ಆರ್ಟಿಸ್ಟ್ ಹಿಂಟ್ ಕೊಟ್ಟಿದಾನೆ."

ಸುಶೀಲಮ್ಮ ನಗು ನಿಲ್ಲಿಸಿದರು. "ತಾಯಿಗೆ ಗೊತ್ತಾ ಅದು?"

"ಅವಳ ಮುಖ ನೋಡಿ. ಸ್ಯಾಡ್ ಆಗಿದೆ ಅಲ್ವಾ? ಗೊತ್ತು ಅಂತಾನೇ ಇಂಥ ಚಿತ್ರ ನೋಡಿದವರೆಲ್ಲ ಹೇಳೋದು."

ಸುಶೀಲಮ್ಮನ ಬಲಗೈ ಮಣಿಕಟ್ಟಿನಲ್ಲಿ ಕೆಂಪು ದಾರಕ್ಕೆ ಪೋಣಿಸಿದ ಎರಡು ಹವಳಗಳಿದ್ದವು. ಜೋಯಿಸರು ಹೋದಮೇಲೆ ಕರಿಮಣಿ ಸರದಿಂದ ಬಿಡಿಸಿ ಇಟ್ಟುಕೊಂಡಿದ್ದವು. ಅವನ್ನು ಬೆರಳಲ್ಲಿ ತಿರುಗಿಸುತ್ತಾ ಕೂತರು.

"ಗೊತ್ತಿದ್ದೂ ಹವಳ ಕಟ್ಟಿದಾಳಲ್ಲೇ" ಅಂದರು ಕೊನೆಗೆ.

ಹಿಂತಿರುಗುವಾಗ ದಾರಿ ಮಧ್ಯೆ ಶಿವಾನಂದ ಪೆಟ್ರೋಲಿಗೆ ನಿಲ್ಲಿಸಿದ. ಅವನೂ ವೈದೇಹಿಯೂ ಕಾಫಿ ತರಲು ಒಳಗೆ ಹೋದರು. ಕಾರಿನಲ್ಲಿ ಅಜ್ಜಿ ಮೊಮ್ಮಗಳು ಇಬ್ಬರೇ. ಹೊರಗೆ ಚಪ್ಪಟೆ ಬಯಲು, ಅದರ ಮೇಲೆ ಗಾಳಿ. ಸುಶೀಲಮ್ಮ ಇದ್ದಕ್ಕಿದ್ದಂತೆ ಮಾತಾಡಿದರು.

"ನಿಮ್ಮ ತಾತ ರಾಹುಕಾಲದಲ್ಲಿ ಹೊಸ್ತಿಲು ದಾಟಿದವರಲ್ಲ. ಗೊತ್ತಾ? ಅಪ್ಪ ಸತ್ತ ಸುದ್ದಿ ಬಂದಾಗಲೂ ರಾಹುಕಾಲ ಕಳೀಲಿ ಅಂತ ಜಗಲಿ ಮೇಲೆ ಕೂತು ಅತ್ತರು."

"ಓ ಗಾಡ್."

"ಆದರೆ ಆ ಜ್ವರದ ದಿನ..." ಸುಶೀಲಮ್ಮ ಹುಬ್ಬು ಗಂಟಿಕ್ಕಿದರು. ನೆನಪು ಉಕ್ಕಾದರೂ ಅದರ ಒಂದು ಮೂಲೆಯನ್ನು ಅವರು ಇಷ್ಟು ವರ್ಷ ಉಜ್ಜಿ ನೋಡಿರಲಿಲ್ಲ. "ನನಗೆ ಮೈಮೇಲೆ ಅರ್ಧ ಎಚ್ಚರ. ಕೂದಲು ಕೊಂಕಲ್ಲ, ಕಾಫಿಗಿಡು ಅಂದರು. ಅಂದೋರು ಪಂಚಾಂಗ ಮುಚ್ಚಿ ಎದ್ದರು. ನಮ್ಮತ್ತೆ ಹಿಂದಿನಿಂದ ಕೂಗಿದರು, ಲೋ, ರಾಹುಕಾಲ ಕಣೋ, ಎಲ್ಲಿಗೋ ಅಂತ. ಇವರು ತಿರುಗಿ ಕೂಡ ನೋಡಲಿಲ್ಲ. ರಾಹು ಬೇಕಾದ್ರೆ ನನ್ನ ಹಿಂದೆ ಬರಲಿ, ನಾನು ಡಾಕ್ಟರನ್ನ ಕರಕೊಂಡು ಬರ್ತೀನಿ ಅಂದರು. ಯಾರದೋ ಸೈಕಲ್ಲು. ಸೈಕಲ್ಲು ಸರಿಯಾಗಿ ಬರ್ತಾನೂ ಇರಲಿಲ್ಲ ಅವರಿಗೆ. ಮಂಡಿ ಕಿತ್ತುಕೊಂಡು ಸಾಯಂಕಾಲ ಕೃಷ್ಣರಾಜಪೇಟೆಯಿಂದ ಡಾಕ್ಟರನ್ನ ಕರಕೊಂಡು ಬಂದರು. ಸೂಜಿ ಹಾಕಿಸಿದರು. ನಾನು ಉಳಿದೆ."

ತನ್ವಿ ಸೀಟಿನ ಮೇಲೆ ಪೂರ್ತಿ ಹಿಂದಕ್ಕೆ ತಿರುಗಿ ಕೂತಿದ್ದಳು.

"ಅರವತ್ತು ವರ್ಷ ಏನೂ ಆಗಲ್ಲ ಅಂತ ಅಷ್ಟು ಗಟ್ಟಿಯಾಗಿ ಗೊತ್ತಿದ್ದೋನು ಡಾಕ್ಟರ ಹತ್ರ ಯಾಕೆ ಓಡಿದನೇ?" ಸುಶೀಲಮ್ಮನ ದನಿಯಲ್ಲಿ ಸಿಟ್ಟಿತ್ತು. ಜೋಯಿಸರನ್ನು ಅವರು ಎಂದೂ ಏಕವಚನದಲ್ಲಿ ಕರೆದವರಲ್ಲ. "ಗೊತ್ತಿರಲಿಲ್ಲ ಅವನಿಗೆ! ಏನೂ ಗೊತ್ತಿರಲಿಲ್ಲ. ಹೆಂಡತಿ ಸಾಯ್ತಾಳೆ ಅಂತ ಹೆದರಿ, ಬಾಯಿಗೆ ಬಂದ ದೊಡ್ಡ ಲೆಕ್ಕ ಹೇಳಿ, ಸೈಕಲ್ ಹತ್ತಿದಾನೆ. ನಾನು ಪೆದ್ದಿ, ಅದನ್ನ ಬೇಲಿ ಅಂತ ತಿಳಕೊಂಡು ಅಲ್ಲೇ ನಿಂತಿದೀನಿ."

"ಇಲ್ಲ ಅಜ್ಜಿ, ಗೊತ್ತಿತ್ತೇನೋ. ಗೊತ್ತಿದ್ದೂ..."

"ಹವಳ ಕಟ್ಟಿದ ಅಂತೀಯಾ?"

"ಸಮ್‌ಥಿಂಗ್ ಲೈಕ್ ದಟ್."

ಸುಶೀಲಮ್ಮ ಕಿಟಕಿಯ ಹೊರಗೆ ನೋಡಿದರು. ಸಿಟ್ಟು ಇಳಿದ ಮುಖದಲ್ಲಿ ಹದಿನೆಂಟರ ಹುಡುಗಿಯ ನಾಚಿಕೆಯೊಂದು ಬಂದು ಹೋಯಿತು. ವೈದೇಹಿ ಕಾಫಿ ಹಿಡಿದು ಬಾಗಿಲು ತೆಗೆದಳೋ ಇಲ್ಲವೋ, "ಆ ಆಸ್ಪತ್ರೆಯೋರಿಗೆ ಫೋನ್ ಮಾಡೇ, ಮಂಡಿ ಬದಲಾಯಿಸಲಿ" ಅಂದರು. ವೈದೇಹಿಯ ಕೈಯಿಂದ ಅರ್ಧ ಕಾಫಿ ಸೀಟಿಗೆ ಹೋಯಿತು.

"ಯುಗಾದಿ ಕಳೀಲಿ ಅಂತೀಯಾ ಅಮ್ಮ?"

"ಮೇ ತಿಂಗಳಿಗೆ ಮೆಟ್ಟಿಲು ಹತ್ತಬೇಕು ಅಂದ್ರೆ ಯುಗಾದಿವರೆಗೆ ಕೂತರೆ ಆಗುತ್ತೇನೆ? ಹೋದ್ರೆ ಹೊಸ ಮಂಡೀಲಿ ಹೋಗ್ತೀನಿ. ಯಮನೂ ನಡೆಸಿಕೊಂಡೇ ಹೋಗೋದಂತೆ, ಕುರ್ಚಿ ಕೊಡಲ್ಲ."

ಡಾಲಸ್‌ನ ಆಸ್ಪತ್ರೆಯಿಂದ ಫೆಬ್ರವರಿಗೆ ದಿನ ಕೊಟ್ಟರು. ಸೋಮವಾರ ಬೆಳಗ್ಗೆ ಏಳೂವರೆಗೆ. ಅದನ್ನು ಕೇಳಿ ಶಿವಾನಂದ ಫ್ರಿಜ್ ಮೇಲಿನ ಪಂಚಾಂಗದ ಕ್ಯಾಲೆಂಡರ್ ನೋಡಿ ತಲೆ ಮೇಲೆ ಕೈಹೊತ್ತ. ಸೋಮವಾರ ಸರಿಯಾಗಿ ಏಳೂವರೆಗೇ ರಾಹುಕಾಲ ಶುರು. ಇಷ್ಟು ಕಷ್ಟಪಟ್ಟು ಒಪ್ಪಿಸಿದ್ದೆಲ್ಲ ಹೊಳೆಗೆ ಹೋಯ್ತು ಅಂತ ಗಂಡ ಹೆಂಡಿರು ಅಡಿಗೆಮನೆಯಲ್ಲಿ ಗುಸುಗುಸು ಮಾಡಿದರು. ಕ್ಯಾಲೆಂಡರನ್ನೇ ತೆಗೆದು ಬಚ್ಚಿಡೋಣ ಅಂದ ಶಿವಾನಂದ. ಅಷ್ಟರಲ್ಲಿ ಒಳಗಿನ ಕೋಣೆಯಿಂದ ಸುಶೀಲಮ್ಮನ ದನಿ ಬಂತು.

"ಅಳಿಯಂದ್ರೆ, ಕ್ಯಾಲೆಂಡರು ಅಲ್ಲೇ ಇರಲಿ. ಸೋಮವಾರದ ರಾಹುಕಾಲ ನೀವು ಹುಟ್ಟೋಕೆ ಮುಂಚೆಯಿಂದ ನನಗೆ ಬಾಯಿಪಾಠ. ಬೇಕಾದ್ರೆ ಅವನೂ ಹಿಂದೆ ಬರಲಿ. ಕಾರಲ್ಲಿ ಜಾಗ ಇದೆಯಲ್ಲ."

ಆಪರೇಷನ್ ದಿನ ನರ್ಸು ಬಂದು ಬಳೆ, ಓಲೆ ಎಲ್ಲ ತೆಗೆಸಿದಳು. ಕೈಯ ಹವಳದ ದಾರವನ್ನೂ ತೆಗೆಯಬೇಕು ಅಂದಳು. ಸುಶೀಲಮ್ಮ ಕೈ ಹಿಂದಕ್ಕೆಳೆದುಕೊಂಡರು. ನರ್ಸು ಮೆತ್ತಗೆ ಇನ್ನೊಂದು ಸಲ ಹೇಳಿದಳು. ಆಸ್ಟಿನ್‌ನಿಂದ ಹಿಂದಿನ ದಿನವೇ ಬಂದಿದ್ದ ತನ್ವಿ ತರ್ಜುಮೆ ಮಾಡಿದಳು, ತರ್ಜುಮೆಯ ಅಗತ್ಯವೇ ಇರಲಿಲ್ಲ. ಸುಶೀಲಮ್ಮ ಸ್ವಲ್ಪ ಹೊತ್ತು ಕೂಸಿನ ಹಾಗೆ ಹಟ ಹಿಡಿದು ಕೂತು, ಆಮೇಲೆ ದಾರ ಬಿಚ್ಚಿ ಮೊಮ್ಮಗಳ ಕೈಗೆ ಕಟ್ಟಿದರು. ಎರಡು ಗಂಟು ಹಾಕಿದರು.

"ಅಜ್ಜಿ, ಆಪರೇಷನ್ ನಿಮಗೆ. ನನಗ್ಯಾಕೆ?"

"ಕಟ್ಟೋಳಿಗೆ ಧೈರ್ಯ ಬರೋದು ಕಣೆ, ಕಟ್ಟಿಸಿಕೊಂಡೋರಿಗಲ್ಲ. ನಿನ್ನ ಪುಸ್ತಕದಲ್ಲಿ ಬರಕೋ."

ಅವಳು ನಿಜವಾಗಿಯೂ ಬರೆದುಕೊಂಡಳು ಅಂತ ಆಮೇಲೆ ಗೊತ್ತಾಯಿತು.

ಮಂಡಿ ಚೆನ್ನಾಗಿ ಕೂತಿತು. ವ್ಯಾಯಾಮ ಮಾಡಿಸಲು ಬಂದ ಹುಡುಗನನ್ನು ಸುಶೀಲಮ್ಮ ಮನಸಾರೆ ಬೈದರು, ಅವನು ಕನ್ನಡದ ನಾಲ್ಕು ಬೈಗುಳ ಕಲಿತ. ಮಾರ್ಚ್ ಬಂತು. ಯುಗಾದಿ ಹತ್ತಿರವಾದಂತೆ ಮನೆಯಲ್ಲಿ ಒಂದು ವಿಚಿತ್ರ ನಡೆಯಿತು. ಸುಶೀಲಮ್ಮ ದಿನದಿನಕ್ಕೆ ಹಗುರವಾದರು, ಉಳಿದವರು ದಿನದಿನಕ್ಕೆ ಸೊರಗಿದರು. ಜಾತಕ ಗೀತಕ ಎಲ್ಲ ಮೂಢನಂಬಿಕೆ ಅನ್ನುತ್ತಿದ್ದ ಶಿವಾನಂದ ಆಫೀಸಿನಿಂದ ಎರಡೆರಡು ಸಲ ಫೋನ್ ಮಾಡಿ, "ಅತ್ತೆ ಊಟ ಮಾಡಿದರಾ?" ಅಂತ ಕೇಳತೊಡಗಿದ. ವೈದೇಹಿ ಕದ್ದು ಕದ್ದು ಅಮ್ಮನ ನಾಡಿ ನೋಡುತ್ತಿದ್ದಳು. ತನ್ವಿ ಕ್ಲಾಸು ತಪ್ಪಿಸಿ ಆಸ್ಟಿನ್‌ನಿಂದ ಡ್ರೈವ್ ಮಾಡಿಕೊಂಡು ಬಂದೇ ಬಿಟ್ಟಳು. ಹಬ್ಬಕ್ಕೆ ಬಂದೆ ಅಂದಳು.

ಯುಗಾದಿಯ ಬೆಳಗ್ಗೆ ಸುಶೀಲಮ್ಮನಿಗೆ ಎಚ್ಚರವಾದಾಗ ಕಿಟಕಿಯಲ್ಲಿ ಬೆಳಕು ಬಂದಿತ್ತು. ದುರ್ಮುಖಿ ಹೋಗಿ ಹೇವಿಳಂಬಿ ಬಂದಿತ್ತು. ಕಾಲು ಆಡಿಸಿ ನೋಡಿದರು, ಆಡಿತು. ಮೂಗಿನ ಮುಂದೆ ಬೆರಳಿಟ್ಟು ನೋಡಿದರು, ಉಸಿರಿತ್ತು. "ಸುಳ್ಳುಗಾರ" ಅಂದರು ಮೆಲ್ಲಗೆ, ಪ್ರೀತಿಯಿಂದ.

ಅಷ್ಟರಲ್ಲಿ ಬಾಗಿಲ ಹೊರಗೆ ಕಾಲಿನ ಸದ್ದಾಯಿತು. ಕಣ್ಣು ಮುಚ್ಚಿದರು.

"ನೀನು ನೋಡು."

"ನೀವೇ ನೋಡಿ, ನನ್ನ ಕೈಲಾಗಲ್ಲ."

"ಅಪ್ಪಾ, ಓಪನ್ ದ ಡೋರ್!"

"ಶ್! ತಾಳು, ಉಸಿರು ಕೇಳಿಸುತ್ತಾ ನೋಡೋಣ."

ಬಾಗಿಲು ಬೆರಳಗಲ ತೆರೆಯಿತು. ಓದಿದವರ ಮೂರು ತಲೆಗಳು ಒಂದರ ಮೇಲೊಂದು ಸಂದಿಯಲ್ಲಿ ಇಣುಕಿದವು. ಸುಶೀಲಮ್ಮನಿಗೆ ಹೊಟ್ಟೆಯೊಳಗಿನಿಂದ ನಗು ಒತ್ತಿಕೊಂಡು ಬಂತು. ಅದನ್ನು ತಡೆಯಲು ಉಸಿರು ಬಿಗಿಹಿಡಿದರು. ಹೊದಿಕೆ ಅಲುಗದೆ ನಿಂತಿತು. ಹೊರಗೆ ಯಾರೋ ಬಿಕ್ಕಿದ ಸದ್ದಾಯಿತು. ಅಳಿಯನದೇ.

ಇನ್ನು ಹೆಚ್ಚು ಆಡಿಸಬಾರದು ಅನ್ನಿಸಿತು ಅವರಿಗೆ. ಹಬ್ಬದ ದಿನ.

"ಎಲ್ಲರೂ ಅಲ್ಲೇ ನಿಂತಿದೀರಲ್ಲ" ಅಂದರು ಕಣ್ಣು ತೆರೆಯದೆ, "ಕಾಫಿಗೆ ಇಟ್ಟೋರು ಯಾರು?"